ಒಂದು ಬೈಟ್ ಕಡಿಮೆಯಾದರೆ ಇಡೀ ಫೈಲ್ ಏಕೆ ಸರಿಯುತ್ತದೆ?

ಪ್ರಶ್ನೆ: ಸರ್, ನಾನು ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಎಲೆಕ್ಟ್ರಿಕಲ್ ಮೇಲ್ವಿಚಾರಕ. ಓದಿದ್ದು ಡಿಪ್ಲೊಮಾ, ಪ್ರೋಗ್ರಾಮಿಂಗ್ ಸ್ವಂತವಾಗಿ ಕಲಿತದ್ದು. ಆರು ವಿದ್ಯುತ್ ಮೀಟರುಗಳನ್ನು ಒಂದೇ ಆರ್‌ಎಸ್-485 ಕೇಬಲಿಗೆ ಜೋಡಿಸಿ, ಐದು ಸೆಕೆಂಡಿಗೊಮ್ಮೆ ಮಾಡ್‌ಬಸ್ (ಮೀಟರುಗಳ ಜೊತೆ ಮಾತಾಡುವ ನಿಯಮಾವಳಿ) ಮೂಲಕ ಓದುವ ಪೈಥಾನ್ ಸ್ಕ್ರಿಪ್ಟ್ ಬರೆದಿದ್ದೇನೆ. ಒಂದು ದಾಖಲೆಗೆ 128 ಬೈಟ್: ಸಮಯಕ್ಕೆ 8, ಮೀಟರಿಗೆ 20ರಂತೆ ಆರು ಮೀಟರಿಗೆ 120. ಆ 20ರಲ್ಲಿ ಮೂರು ಫೇಸುಗಳ ವೋಲ್ಟೇಜ್, ಕಿಲೋವ್ಯಾಟ್ ಮತ್ತು ಯೂನಿಟ್, ತಲಾ ನಾಲ್ಕು ಬೈಟ್. ಒಂದೇ ಬೈಟ್‌ಅರೇಯನ್ನು (ಬದಲಿಸಬಹುದಾದ ಬೈಟುಗಳ ಸಾಲು) ಆರಂಭದಲ್ಲಿ ಮಾಡಿಟ್ಟುಕೊಂಡು, ಪ್ರತಿ ಸುತ್ತಿನಲ್ಲೂ ಮೀಟರಿನ ಉತ್ತರದಿಂದ ಬೈಟುಗಳನ್ನು ಅದರ ಜಾಗಕ್ಕೆ ನಕಲು ಮಾಡಿ ಫೈಲಿಗೆ ಬರೆಯುತ್ತೇನೆ. ಒಂದೆರಡು ದಿನ ಸರಿಯಾಗಿ ನಡೆದು, ಆಮೇಲೆ ಇದ್ದಕ್ಕಿದ್ದಂತೆ ಅಲ್ಲಿಂದ ಮುಂದಿನ ಎಲ್ಲ ದಾಖಲೆಗಳೂ ಒಂದೆರಡು ಬೈಟ್ ಸರಿದು, ಅರ್ಥವಿಲ್ಲದ ಸಂಖ್ಯೆಗಳು ಬರುತ್ತವೆ. ಮೂರನೇ ಮೀಟರಿನಲ್ಲಿ ಆಗೊಮ್ಮೆ ಈಗೊಮ್ಮೆ ಕಿಲೋವ್ಯಾಟ್ 231, ಯೂನಿಟ್ 229 ಎಂದು ಬರುತ್ತದೆ. ಆ ವಿಭಾಗದ ಲೋಡ್ 40 ಕಿಲೋವ್ಯಾಟ್ ದಾಟುವುದೇ ಇಲ್ಲ. ಹಿಂದಿನ ದಾಖಲೆಯನ್ನು ಹೋಲಿಕೆಗಾಗಿ ಬೇರೆ ವೇರಿಯಬಲ್‌ನಲ್ಲಿ ಇಟ್ಟುಕೊಂಡರೂ ಅದು ಯಾವಾಗಲೂ ಈಗಿನದರಂತೆಯೇ ಇರುತ್ತದೆ. ಫೈಲಿನ ತಲೆಭಾಗದಲ್ಲಿ ಪ್ರತಿ ಮೀಟರಿನ ಹೆಸರಿಗೆ 16 ಬೈಟ್ ಇಟ್ಟಿದ್ದೇನೆ. ‘ಲೇತ್’ ಸರಿಯಾಗಿ ತೆರೆಯುತ್ತದೆ, ‘ಕಂಪ್ರೆಸರ್’ ದೋಷ ಕೊಡುತ್ತದೆ. ಪೈಥಾನ್ ಬೈಟ್ ಕೆಲಸಕ್ಕೆ ಹೇಳಿ ಮಾಡಿಸಿದ್ದಲ್ಲ, ನಿಧಾನ, ಸೊನ್ನೆ ಬೈಟ್ ಬಂದ ಕೂಡಲೇ ಕತ್ತರಿಸುತ್ತದೆ, ಸಿ ಭಾಷೆಯಲ್ಲಿ ಬರೆ, ಆಗದಿದ್ದರೆ ಎಲ್ಲ ಕಡೆ ಮೆಮೊರಿವ್ಯೂ ಹಾಕು ಎನ್ನುತ್ತಾನೆ ಸ್ನೇಹಿತ. ಮೂರು ವಾರಗಳ ಲೆಕ್ಕ ಹಾಳಾಯಿತೇ ಎಂದು ಮಾಲೀಕರು ಕೇಳುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಮಾಲೀಕರಿಗೆ ಮೊದಲು ಧೈರ್ಯ ಹೇಳಿ. ಮೂರು ವಾರಗಳ ಲೆಕ್ಕದಲ್ಲಿ ಬಹುಪಾಲು ಫೈಲಿನಲ್ಲಿಯೇ ಇದೆ, ಅದನ್ನು ಹೊರತೆಗೆಯುವ ದಾರಿಯನ್ನು ಕೊನೆಯಲ್ಲಿ ಹೇಳುತ್ತೇನೆ. ನೀವು ಹೇಳಿದ ನಾಲ್ಕು ತೊಂದರೆಗಳಿಗೆ ನಾಲ್ಕು ಬೇರೆ ಕಾರಣಗಳಿವೆ ಎಂದು ನಿಮಗೆ ಅನ್ನಿಸಿರಬಹುದು. ಮೊದಲ ಎರಡಕ್ಕೆ ಕಾರಣ ಒಂದೇ.

ಸ್ನೇಹಿತರ ಮಾತನ್ನು ಮೊದಲು ನೋಡೋಣ. ಸೊನ್ನೆ ಬೈಟ್ ಕತ್ತರಿಸುತ್ತದೆ ಎಂಬುದು ಸಿ ಭಾಷೆಯಿಂದ ಬಂದ ಅನುಭವ. ಅಲ್ಲಿ ಪಠ್ಯದ ಕೊನೆ ಎಲ್ಲಿದೆ ಎಂದು ಗುರುತಿಸುವುದೇ ಸೊನ್ನೆ ಬೈಟಿನಿಂದ. ಲಿನಕ್ಸ್‌ನ ಕಮಾಂಡ್ ಶೆಲ್ ಆದ ಬ್ಯಾಶ್‌ನಲ್ಲಿ ಕೆಲಸ ಮಾಡಿದವರಿಗೂ ಈ ಪೆಟ್ಟು ಗೊತ್ತು. ಬ್ಯಾಶ್‌ನ ವೇರಿಯಬಲ್ ಸೊನ್ನೆ ಬೈಟನ್ನು ಹಿಡಿದಿಟ್ಟುಕೊಳ್ಳುವುದೇ ಇಲ್ಲ. ಪೈಥಾನ್ ಹಾಗಲ್ಲ. ಅದರ ಬೈಟ್ಸ್ (ಬದಲಿಸಲಾಗದ ಬೈಟುಗಳ ಸಾಲು) ಮತ್ತು ಬೈಟ್‌ಅರೇ ಎರಡೂ ತಮ್ಮ ಉದ್ದವನ್ನು ಪ್ರತ್ಯೇಕವಾಗಿ ನೆನಪಿಟ್ಟುಕೊಂಡಿರುತ್ತವೆ, ಆದ್ದರಿಂದ ಸೊನ್ನೆಯೂ ಅವುಗಳಿಗೆ 255ರಂತೆಯೇ ಇನ್ನೊಂದು ಬೆಲೆ. 230 ವೋಲ್ಟ್ ನಿಮ್ಮ ಮೀಟರಿನಿಂದ ಬರುವುದೇ 67, 102, 0, 0 ಎಂಬ ನಾಲ್ಕು ಬೈಟುಗಳಾಗಿ. ಸೊನ್ನೆಗೆ ಕತ್ತರಿಸುವುದಾಗಿದ್ದರೆ ಮೊದಲ ದಿನದ ಮೊದಲ ದಾಖಲೆಯೇ ಕೆಟ್ಟಿರಬೇಕಿತ್ತು. ಪೈಥಾನ್‌ನಲ್ಲಿ ಈ ಭಯಕ್ಕೆ ಆಧಾರವಿರುವ ಒಂದು ಕಡೆ ಇದೆ: ಸಿ ಕೋಡಿನ ಜೊತೆ ಮಾತಾಡುವ ಸಿಟೈಪ್ಸ್ ಲೈಬ್ರರಿಯ ಬಫರನ್ನು ‘ವ್ಯಾಲ್ಯೂ’ ಎಂದು ಕೇಳಿದರೆ ಅದು ಮೊದಲ ಸೊನ್ನೆಗೆ ನಿಲ್ಲುತ್ತದೆ, ‘ರಾ’ ಎಂದು ಕೇಳಿದರೆ ಪೂರ್ತಿ ಕೊಡುತ್ತದೆ.

ವೇಗದ ಮಾತೂ ಇಲ್ಲಿ ನಿಲ್ಲುವುದಿಲ್ಲ. ಒಂದು ಮೀಟರಿನ ಉತ್ತರ 25 ಬೈಟ್. ನಿಮ್ಮ ಲೈನ್ 9600 ಬಾಡ್‌ನಲ್ಲಿದ್ದರೆ (ಸೆಕೆಂಡಿಗೆ 9600 ಬಿಟ್) ಅಷ್ಟು ಬೈಟುಗಳು ಕೇಬಲಿನಲ್ಲಿ ಬರಲು ಸುಮಾರು 26 ಮಿಲಿಸೆಕೆಂಡ್ ಬೇಕು. ಪೈಥಾನ್ ಆ 25 ಬೈಟುಗಳನ್ನು ನಕಲು ಮಾಡುವ ಸಮಯ ಅದರ ಮುಂದೆ ಲೆಕ್ಕಕ್ಕೇ ಇಲ್ಲ. ಸಿ ಭಾಷೆಗೆ ಹೋದರೆ ಇದೇ ತಪ್ಪು ಅಲ್ಲಿ ಇನ್ನೂ ಸದ್ದಿಲ್ಲದೆ ನಡೆಯುತ್ತದೆ.

ಈಗ ತಪ್ಪಿಗೆ ಬರೋಣ. ಪೈಥಾನ್ 3 ಕನ್ನಡದ ಹೆಸರುಗಳನ್ನೂ ಒಪ್ಪುವುದರಿಂದ ನಿಮ್ಮ ಸಾಲನ್ನು ಕನ್ನಡದಲ್ಲಿಯೇ ಬರೆಯುತ್ತೇನೆ. ಮೂರನೇ ಮೀಟರಿಗೆ ನೀವು ಮಾಡುತ್ತಿರುವುದು ಇದು:

ದಾಖಲೆ[48:68] = ಉತ್ತರ[3:23]

ಉತ್ತರದ ಮೊದಲ ಮೂರು ಬೈಟ್ ಮೀಟರಿನ ವಿಳಾಸ, ಆಜ್ಞೆಯ ಸಂಖ್ಯೆ ಮತ್ತು ಬೈಟುಗಳ ಎಣಿಕೆ. ಕೊನೆಯ ಎರಡು ಸಿಆರ್‌ಸಿ, ಅಂದರೆ ದಾರಿಯಲ್ಲಿ ಬೈಟ್ ಕೆಟ್ಟಿದೆಯೇ ಎಂದು ತಿಳಿಸುವ ಪರೀಕ್ಷಾ ಸಂಖ್ಯೆ. ನಡುವಿನ ಇಪ್ಪತ್ತನ್ನು ದಾಖಲೆಯ ಇಪ್ಪತ್ತು ಬೈಟ್ ಜಾಗಕ್ಕೆ ಹಾಕುವುದು ನಿಮ್ಮ ಉದ್ದೇಶ. ಪೈಥಾನ್ ಈ ಸಾಲನ್ನು ಓದುವುದು ಬೇರೆ ರೀತಿ: ದಾಖಲೆಯಿಂದ 48ರಿಂದ 67ರವರೆಗಿನ ಬೈಟುಗಳನ್ನು (68 ಸೇರುವುದಿಲ್ಲ) ಕಿತ್ತುಹಾಕು, ಬಲಗಡೆ ಏನಿದೆಯೋ ಅಷ್ಟನ್ನು ಆ ಜಾಗದಲ್ಲಿ ಸೇರಿಸು. ಬಲಗಡೆ ಇಪ್ಪತ್ತೇ ಇದ್ದರೆ ಎರಡೂ ಒಂದೇ ಆಗುತ್ತವೆ. ಹನ್ನೆರಡು ಇದ್ದರೆ ದಾಖಲೆಯೇ ಎಂಟು ಬೈಟ್ ಕುಗ್ಗುತ್ತದೆ, ಹಿಂದಿದ್ದವು ಮುಂದಕ್ಕೆ ಸರಿಯುತ್ತವೆ. ಪಂಕ್ತಿ ಊಟದಲ್ಲಿ ನಡುವೆ ಎರಡು ಎಲೆ ಖಾಲಿಯಾದರೆ ಆಚೆಯವರು ಈಚೆಗೆ ಸರಿದು ಕೂರುತ್ತಾರಲ್ಲ, ಹಾಗೆ. ಬೈಟ್‌ಅರೇ ಹಿಗ್ಗಬಲ್ಲ, ಕುಗ್ಗಬಲ್ಲ ವಸ್ತು. ಹಾಗೆಂದೇ ಅದನ್ನು ಮಾಡಿದ್ದಾರೆ. ಪೈಥಾನ್ ಇದಕ್ಕೆ ದೋಷ ಕೊಡುವುದಿಲ್ಲ.

ಇಪ್ಪತ್ತರ ಬದಲು ಹನ್ನೆರಡು ಹೇಗೆ ಬಂದವು? ಸೀರಿಯಲ್ ಪೋರ್ಟಿನಿಂದ 25 ಬೈಟ್ ಕೇಳಿದಾಗ, ನೀವು ಇಟ್ಟ ಕಾಯುವ ಅವಧಿ ಮುಗಿದರೆ ಪೋರ್ಟ್ ಓದುವ ಲೈಬ್ರರಿಯಾದ ಪೈಸೀರಿಯಲ್ ಆವರೆಗೆ ಬಂದಷ್ಟನ್ನೇ ಕೊಟ್ಟು ಸುಮ್ಮನಾಗುತ್ತದೆ. ಬಂದದ್ದು 15 ಬೈಟ್ ಎಂದುಕೊಳ್ಳಿ. ಅದರಲ್ಲಿ 3ರಿಂದ 22ರವರೆಗೆ ಕೇಳಿದರೆ ಪೈಥಾನ್ ದೂರುವುದಿಲ್ಲ, ಇದ್ದ ಹನ್ನೆರಡನ್ನು ಕೊಡುತ್ತದೆ. ಹೀಗೆ ಮೌನವಾಗಿ ಒಪ್ಪಿಕೊಳ್ಳುವ ಮೂರು ಕಡೆಗಳು ಒಂದರ ಹಿಂದೆ ಒಂದು ಸೇರಿವೆ.

ನಿಮ್ಮ 231ರ ರಹಸ್ಯ ಇಲ್ಲಿದೆ. ಮೂರನೇ ಮೀಟರಿನಿಂದ ಹನ್ನೆರಡು ಬೈಟ್ ಬಂದಾಗ ಅದರ ಮೂರು ವೋಲ್ಟೇಜುಗಳು ಸರಿಯಾಗಿ ಕೂತವು. ದಾಖಲೆ 120 ಬೈಟಿಗೆ ಕುಗ್ಗಿತು. ಕಿಲೋವ್ಯಾಟಿನ ಜಾಗಕ್ಕೆ ನಾಲ್ಕನೇ ಮೀಟರಿನ ಹಿಂದಿನ ಸುತ್ತಿನ ಮೊದಲ ಫೇಸಿನ ವೋಲ್ಟೇಜ್ ಸರಿದು ಬಂತು, ಯೂನಿಟಿನ ಜಾಗಕ್ಕೆ ಎರಡನೇ ಫೇಸಿನದು. ನೀವು ಕಿಲೋವ್ಯಾಟ್ ಎಂದು ಓದುತ್ತಿರುವ 231 ಪಕ್ಕದ ಮೀಟರಿನ ವೋಲ್ಟ್. ಮುಂದೆ ನಾಲ್ಕನೆಯದೂ ಐದನೆಯದೂ ತಮ್ಮ ಜಾಗದಲ್ಲಿಯೇ ಕೂತವು. ಆರನೇ ಮೀಟರಿನ ಜಾಗ 108ರಿಂದ 128. ಆದರೆ ದಾಖಲೆ 120ಕ್ಕೇ ಮುಗಿದಿದೆ. ಆದ್ದರಿಂದ ಪೈಥಾನ್ ಅಲ್ಲಿದ್ದ ಹನ್ನೆರಡನ್ನು ತೆಗೆದು ಇಪ್ಪತ್ತನ್ನು ಸೇರಿಸಿತು, ಉದ್ದ ಮತ್ತೆ 128 ಆಯಿತು. ಗಾಯ ತಾನಾಗಿಯೇ ಮುಚ್ಚಿಕೊಂಡಿತು, ಒಳಗೆ ಕೀವು ಉಳಿಯಿತು. ಕಡಿಮೆಯಾದದ್ದು ಒಂದೇ ಬೈಟ್ ಆಗಿದ್ದರೆ ನಿಮಗೆ ಗೊತ್ತೇ ಆಗುತ್ತಿರಲಿಲ್ಲ, ಏಕೆಂದರೆ ಆಗ ಕೆಡುವುದು ಯೂನಿಟಿನ ಕೊನೆಯ ಬೈಟ್, ಅದು ಸಂಖ್ಯೆಯ ಅತಿ ಸಣ್ಣ ಭಾಗ. ಅಂಥ ದಾಖಲೆಗಳು ಫೈಲಿನಲ್ಲಿ ಇರುವ ಸಂಭವ ಹೆಚ್ಚು.

ಆರನೇ ಮೀಟರಿನ ಹಿಂದೆ ಯಾರೂ ಇಲ್ಲ. ಅಲ್ಲಿ ಒಂದು ಬೈಟ್ ತಪ್ಪಿದರೆ ತುಂಬಿಕೊಡುವವರಿಲ್ಲದೆ 127 ಬೈಟಿನ ದಾಖಲೆ ಹಾಗೆಯೇ ಫೈಲಿಗೆ ಹೋಗುತ್ತದೆ. ಓದುವ ಪ್ರೋಗ್ರಾಮ್ 128ರ ಲೆಕ್ಕದಲ್ಲಿ ಹೆಜ್ಜೆ ಹಾಕುವುದರಿಂದ ಅಲ್ಲಿಂದ ಮುಂದಿನದೆಲ್ಲ ಸರಿದಂತೆ ಕಾಣುತ್ತದೆ. ನಿಮ್ಮ ಆರನೇ ಮೀಟರ್ ಕೇಬಲಿನ ದೂರದ ತುದಿಯಲ್ಲಿದೆಯೇ? ಹೌದಾದರೆ ಎರಡೂ ತುದಿಗಳಲ್ಲಿ 120 ಓಮ್ ರೆಸಿಸ್ಟರ್ ಇದೆಯೇ ನೋಡಿ, ಕೇಬಲ್ ಮೋಟರ್ ಡ್ರೈವಿನ ಪವರ್ ಕೇಬಲಿನ ಪಕ್ಕದಲ್ಲಿಯೇ ಹೋಗಿದೆಯೇ ಎಂದೂ ನೋಡಿ. ಇದು ಎಲೆಕ್ಟ್ರಿಕಲ್ ಕೆಲಸ, ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಆದರೆ ಕೇಬಲ್ ಎಷ್ಟೇ ಚೆನ್ನಾಗಿರಲಿ, ಒಂದಲ್ಲ ಒಂದು ದಿನ ಅರ್ಧ ಉತ್ತರ ಬಂದೇ ಬರುತ್ತದೆ. ಸ್ಕ್ರಿಪ್ಟ್ ಅದಕ್ಕೆ ತಯಾರಿರಬೇಕು.

ತಯಾರಿ ಎಂದರೆ, ನಕಲು ಮಾಡುವ ಮೊದಲು ಉದ್ದ ನೋಡುವುದು. 25 ಬೈಟ್ ಇವೆಯೇ, ಮೊದಲ ಬೈಟ್ ನಾನು ಕೇಳಿದ ಮೀಟರಿನ ವಿಳಾಸವೇ, ಮೂರನೇ ಬೈಟ್ 20 ಎನ್ನುತ್ತಿದೆಯೇ, ಸಿಆರ್‌ಸಿ ಹೊಂದುತ್ತದೆಯೇ? ಒಂದು ತಪ್ಪಿದರೂ ಇಡೀ ಉತ್ತರವನ್ನು ಬಿಡಿ. ಉದ್ದ ಸರಿಯಿದ್ದೂ ನಡುವೆ ಒಂದು ಬೈಟ್ ಕೆಟ್ಟಿರಬಹುದು, ಅದನ್ನು ಹಿಡಿಯುವುದು ಸಿಆರ್‌ಸಿ ಮಾತ್ರ. ಪ್ರತಿ ಪ್ರಶ್ನೆ ಕಳುಹಿಸುವ ಮುನ್ನ ಪೋರ್ಟಿನ ಒಳಬಂದ ಬಫರನ್ನು ಖಾಲಿ ಮಾಡಿ. ಇಲ್ಲದಿದ್ದರೆ ಮೂರನೇ ಮೀಟರಿನ ತಡವಾದ ಬಾಲ ನಾಲ್ಕನೆಯದರ ತಲೆಗೆ ಅಂಟಿಕೊಳ್ಳುತ್ತದೆ.

ಬಿಟ್ಟ ಉತ್ತರದ ಜಾಗದಲ್ಲಿ ಏನಿಡಬೇಕು? ಹಳೆಯ ಬೆಲೆಯನ್ನು ಇಡಬೇಡಿ, ಸತ್ತ ಮೀಟರ್ ಬದುಕಿರುವಂತೆ ಕಾಣುತ್ತದೆ. ಸೊನ್ನೆಯನ್ನೂ ಇಡಬೇಡಿ, ಕರೆಂಟ್ ಹೋದಾಗಲೂ ಸೊನ್ನೆಯೇ ಬರುತ್ತದೆ. ದಶಮಾಂಶ ಸಂಖ್ಯೆಗಳಲ್ಲಿ ‘ಇದು ಸಂಖ್ಯೆಯಲ್ಲ’ ಎನ್ನುವುದಕ್ಕೆಂದೇ ಒಂದು ಬೆಲೆ ಇದೆ: ನಿಮ್ಮ ಬೈಟ್ ಕ್ರಮದಲ್ಲಿ 127, 192, 0, 0. ಅದನ್ನು ಐದು ಸಲ ಇಡಿ. ಆಮೇಲೆ ಸರಾಸರಿ ತೆಗೆಯುವವರಿಗೆ ಅಲ್ಲಿ ಏನೂ ಬಂದಿರಲಿಲ್ಲ ಎಂಬುದು ಸ್ಪಷ್ಟವಾಗಿ ತಿಳಿಯುತ್ತದೆ. ಬೈಟ್ಸ್‌ಗೆ 20 ಎಂಬ ಸಂಖ್ಯೆ ಕೊಟ್ಟರೆ ಸಿಗುವುದು ಇಪ್ಪತ್ತು ಸೊನ್ನೆ ಬೈಟುಗಳು; 20 ಎಂಬ ಬೆಲೆಯ ಒಂದು ಬೈಟ್ ಬೇಕಿದ್ದರೆ ಸಂಖ್ಯೆಯನ್ನು ಚೌಕ ಆವರಣದಲ್ಲಿ ಪಟ್ಟಿಯಾಗಿ ಕೊಡಬೇಕು. ಇಲ್ಲಿ ಎಡವಿದವರನ್ನು ಬಹಳ ನೋಡಿದ್ದೇನೆ.

ನಕಲು ಮಾಡುವ ವಿಧಾನದಲ್ಲಿ ನಿಮಗೆ ಮೂರು ದಾರಿಗಳಿವೆ. ಈಗಿನ ಸಾಲನ್ನೇ ಉಳಿಸಿಕೊಂಡು, ಮೇಲಿನ ಪರೀಕ್ಷೆಗಳನ್ನು ಸೇರಿಸಿ, ಫೈಲಿಗೆ ಬರೆಯುವ ಮುನ್ನ ದಾಖಲೆ 128 ಇದೆಯೇ ಎಂದು ನೋಡುವುದು ಮೊದಲನೆಯದು. ಬದಲಾವಣೆ ಕಡಿಮೆ. ಆದರೆ ಮೇಲೆ ಹೇಳಿದಂತೆ 128 ಎಂಬ ಉತ್ತರ ಬಂದ ಮಾತ್ರಕ್ಕೆ ಒಳಗಿನದು ಸರಿ ಎಂದಲ್ಲ. ಮುಂದೆ ಇನ್ನೊಬ್ಬರು ಏಳನೇ ಮೀಟರ್ ಸೇರಿಸಿ ಪರೀಕ್ಷೆಯ ಸಾಲನ್ನು ಮರೆತರೆ ಕಥೆ ಮತ್ತೆ ಶುರುವಾಗುತ್ತದೆ.

ನಿಮ್ಮ ಸ್ನೇಹಿತರು ಹೇಳಿದ ಮೆಮೊರಿವ್ಯೂ ಎರಡನೆಯದು. ಅವರು ವೇಗಕ್ಕಾಗಿ ಹೇಳಿದರು, ನಿಮಗೆ ಅದರ ಉಪಯೋಗ ಇರುವುದು ಶಿಸ್ತಿನಲ್ಲಿ. ಮೆಮೊರಿವ್ಯೂ ಎಂದರೆ ಅದೇ ಬೈಟುಗಳ ಮೇಲೆ ಇಟ್ಟ ಒಂದು ಕಿಟಕಿ. ಅದರ ಮೂಲಕ ಬರೆಯಬಹುದು, ಉದ್ದ ಬದಲಿಸಲಾಗದು. ದಾಖಲೆಯ ಮೇಲೆ ‘ನೋಟ’ ಎಂಬ ಮೆಮೊರಿವ್ಯೂ ಮಾಡಿ

ನೋಟ[48:68] = ಉತ್ತರ[3:23]

ಎಂದು ಬರೆದರೆ, ಬಲಗಡೆ ಇಪ್ಪತ್ತು ಇಲ್ಲದಿದ್ದಾಗ ಅಲ್ಲೇ ದೋಷ ಬರುತ್ತದೆ. ಕಿಟಕಿ ತೆರೆದಿರುವವರೆಗೆ ಮೂಲ ಬೈಟ್‌ಅರೇಯನ್ನು ಬೇರೆ ಯಾರೂ ಹಿಗ್ಗಿಸಲೂ ಕುಗ್ಗಿಸಲೂ ಆಗುವುದಿಲ್ಲ. ಅಪಾಯವೂ ಅದೇ ಗುಣದಲ್ಲಿದೆ. ಕಿಟಕಿಯ ತುಂಡು ಎಂದಿಗೂ ನಕಲಲ್ಲ. ಅದನ್ನು ಪಟ್ಟಿಯಲ್ಲಿ ಇಟ್ಟರೆ, ಇನ್ನೊಂದು ಥ್ರೆಡ್‌ಗೆ ಕೊಟ್ಟರೆ, ಮುಂದಿನ ಸುತ್ತಿನಲ್ಲಿ ಅದರೊಳಗಿನದು ಬದಲಾಗಿರುತ್ತದೆ. ನೂರು ಮೆಗಾಬೈಟ್ ಬಫರಿನಿಂದ ಹತ್ತು ಬೈಟಿನ ಕಿಟಕಿ ಇಟ್ಟುಕೊಂಡರೂ ಆ ನೂರು ಮೆಗಾಬೈಟ್ ಮೆಮೊರಿಯಲ್ಲಿ ಉಳಿದಿರುತ್ತದೆ.

ಮೂರನೆಯದು ನಾನು ನಿಮಗೆ ಹೇಳುವ ದಾರಿ. ಒಂದೇ ಬೈಟ್‌ಅರೇಯನ್ನು ಮತ್ತೆ ಮತ್ತೆ ಬಳಸುವುದನ್ನು ಬಿಟ್ಟುಬಿಡಿ. ಪ್ರತಿ ಸುತ್ತಿನಲ್ಲೂ ಬದಲಾಗದ ಬೈಟ್ಸ್ ತುಂಡುಗಳಿಂದ ಹೊಸ ದಾಖಲೆಯನ್ನು ಕಟ್ಟಿ:

ದಾಖಲೆ = ಸಮಯ + ಮೀ1 + ಮೀ2 + ಮೀ3 + ಮೀ4 + ಮೀ5 + ಮೀ6

ಪ್ರತಿ ‘ಮೀ’ ಪರೀಕ್ಷೆ ದಾಟಿದ ಇಪ್ಪತ್ತು ಬೈಟ್ ಅಥವಾ ‘ಸಂಖ್ಯೆಯಲ್ಲ’ದ ಇಪ್ಪತ್ತು ಬೈಟ್. ಹಿಂದಿನ ಸುತ್ತಿನ ಯಾವುದೂ ಇಲ್ಲಿಗೆ ನುಸುಳಲು ದಾರಿಯೇ ಇಲ್ಲ. ದಿನಕ್ಕೆ 17,280 ದಾಖಲೆ, ಸುಮಾರು 22 ಲಕ್ಷ ಬೈಟ್. ಹಳೆಯ ಕಂಪ್ಯೂಟರಿಗೂ ಇದು ಭಾರವಲ್ಲ. ಹೀಗೆ ಕೂಡಿಸುವುದು ದುಬಾರಿಯಾಗುವುದು ಒಂದೇ ಬೈಟ್ಸ್‌ಗೆ ಸಾವಿರಾರು ಸಲ ಸೇರಿಸುತ್ತಾ ಹೋದಾಗ, ಪ್ರತಿ ಸಲವೂ ಹಿಂದಿನದೆಲ್ಲ ಮತ್ತೆ ನಕಲಾಗುವುದರಿಂದ. ಅಂಥಲ್ಲಿ ತುಂಡುಗಳನ್ನು ಪಟ್ಟಿಯಲ್ಲಿ ಕೂಡಿಟ್ಟು ಕೊನೆಗೆ ಒಮ್ಮೆ ಜೋಡಿಸಬೇಕು.

ಸಿಟೈಪ್ಸ್‌ನ ಮೆಮ್‌ಮೂವ್ ಬಳಸಿ ನೇರವಾಗಿ ಮೆಮೊರಿಗೆ ಬರೆಯಿರಿ ಎಂದು ಯಾರಾದರೂ ಸಲಹೆ ಕೊಟ್ಟರೆ ಬೇಡವೆನ್ನಿ. ಅದು ಗಡಿ ನೋಡುವುದಿಲ್ಲ. ಉದ್ದ ತಪ್ಪಿದರೆ ಪಕ್ಕದ ವಸ್ತುವಿನ ಮೇಲೆಯೇ ಬರೆಯುತ್ತದೆ, ಸ್ಕ್ರಿಪ್ಟ್ ಬೇರೆಲ್ಲೋ ಕುಸಿಯುತ್ತದೆ.

ಹಿಂದಿನ ದಾಖಲೆ ಈಗಿನದರಂತೆಯೇ ಇರುವುದಕ್ಕೆ ಕಾರಣ ಈ ಸಾಲು: ಹಿಂದಿನದು = ದಾಖಲೆ. ಪೈಥಾನ್‌ನಲ್ಲಿ ಇದು ನಕಲು ಮಾಡುವುದಿಲ್ಲ, ಅದೇ ವಸ್ತುವಿಗೆ ಇನ್ನೊಂದು ಹೆಸರಿಡುತ್ತದೆ. ಮನೆಯಲ್ಲಿ ಪುಟ್ಟ, ಶಾಲೆಯಲ್ಲಿ ರಾಘವೇಂದ್ರ, ಹುಡುಗ ಒಬ್ಬನೇ. ಬೈಟ್‌ಅರೇ ಆದರೆ

ಹಿಂದಿನದು = ದಾಖಲೆ[:]

ಎಂದು ಬರೆಯಬೇಕು, ಆಗ ಬೇರೆ ಪ್ರತಿ ಸಿಗುತ್ತದೆ. ಇದೇ ಚೌಕ ಆವರಣವನ್ನು ಮೆಮೊರಿವ್ಯೂಗೆ ಹಾಕಿದರೆ ಪ್ರತಿ ಸಿಗುವುದಿಲ್ಲ, ಇನ್ನೊಂದು ಕಿಟಕಿ ಸಿಗುತ್ತದೆ ಎಂಬುದನ್ನು ನೆನಪಿಡಿ. ಮೂರನೇ ದಾರಿ ಹಿಡಿದರೆ ಈ ಚಿಂತೆಯೇ ಇಲ್ಲ: ಬೈಟ್ಸ್ ಬದಲಾಗುವುದಿಲ್ಲ, ಎರಡು ಹೆಸರಿದ್ದರೂ ತೊಂದರೆಯಿಲ್ಲ. ವರ್ಷಗಳ ಹಿಂದೆ ಕಬ್ಬಿನ ಲಾರಿಗಳ ತೂಕ ದಾಖಲಿಸುವ ಒಂದು ಕಡೆ ನಾನು ಬರೆದ ಸ್ಕ್ರಿಪ್ಟ್ ಇದೇ ತಪ್ಪು ಮಾಡಿತ್ತು. ಪ್ರತಿ ತೂಕವನ್ನೂ ಪಟ್ಟಿಗೆ ಸೇರಿಸುತ್ತಿದ್ದೆ, ಸೇರುತ್ತಿದ್ದದ್ದು ಅದೇ ಬೈಟ್‌ಅರೇ. ಬೆಳಿಗ್ಗೆ ನೋಡಿದರೆ ರಾತ್ರಿಯ ಅಷ್ಟೂ ಲಾರಿಗಳಿಗೆ ಕೊನೆಯ ಲಾರಿಯ ತೂಕ. ಕಾಗದದ ಚೀಟಿಗಳು ಇದ್ದುದರಿಂದ ರೈತರ ಲೆಕ್ಕ ಉಳಿಯಿತು. ಅಂದಿನಿಂದ ಉಳಿಸಿಕೊಳ್ಳಬೇಕಾದದ್ದನ್ನು ನಾನು ಬೈಟ್‌ಅರೇಯಲ್ಲಿ ಇಡುವುದಿಲ್ಲ.

ಇನ್ನು ಕಂಪ್ರೆಸರ್. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು: ‘ಕ’ ಎಂದರೆ 224, 178, 149. ಸ್ವರ ಚಿಹ್ನೆ, ಅನುಸ್ವಾರದ ಸೊನ್ನೆ, ಅರ್ಧಾಕ್ಷರದ ಚಿಹ್ನೆ ಎಲ್ಲವೂ ಬೇರೆ ಬೇರೆ ಸಂಕೇತಗಳು. ‘ಲೇತ್’ ನಾಲ್ಕು ಸಂಕೇತ, 12 ಬೈಟ್, 16ರೊಳಗೆ ಹಿಡಿಸಿತು. ‘ಕಂಪ್ರೆಸರ್’ ಒಂಬತ್ತು ಸಂಕೇತ, 27 ಬೈಟ್. ಅದನ್ನು 16ಕ್ಕೆ ಕತ್ತರಿಸಿದಾಗ ‘ಕಂಪ್ರ’ ಎಂಬ 15 ಬೈಟ್ ಉಳಿದು, ಹದಿನಾರನೆಯದಾಗಿ ‘ೆ’ ಚಿಹ್ನೆಯ ಮೊದಲ ಬೈಟ್ 224 ಒಂಟಿಯಾಗಿ ನಿಂತಿದೆ. ತೆರೆಯುವಾಗ ದೋಷ ಬರುವುದು ಆ ಒಂಟಿ ಬೈಟಿಗೆ. ದೋಷವನ್ನು ಕಡೆಗಣಿಸುವ ಆಯ್ಕೆ ಹಾಕಿ ಮುಚ್ಚಿಹಾಕಬೇಡಿ. ತಲೆಭಾಗದಲ್ಲಿ ಮೀಟರಿನ ಸಂಖ್ಯೆಯನ್ನಷ್ಟೇ ಇಟ್ಟು, ಹೆಸರುಗಳನ್ನು ಪಕ್ಕದಲ್ಲಿ ಒಂದು ಸಾದಾ ಪಠ್ಯ ಫೈಲಿನಲ್ಲಿ ಇಡಿ. ಫೈಲಿನಲ್ಲಿಯೇ ಬೇಕೆಂದರೆ 48 ಬೈಟ್ ಕೊಟ್ಟು, ಉಳಿದ ಜಾಗವನ್ನು ಸೊನ್ನೆಗಳಿಂದ ತುಂಬಿ. ಮೀಟರಿನ ಬೈಟುಗಳನ್ನು ಮಾತ್ರ ಯಾವ ಹಂತದಲ್ಲೂ ಪಠ್ಯವಾಗಿ ಬದಲಿಸಬೇಡಿ, ಫೈಲನ್ನು ಬೈನರಿ ವಿಧದಲ್ಲಿಯೇ ತೆರೆಯಿರಿ. ವಿಂಡೋಸ್‌ನಲ್ಲಿ ಪಠ್ಯವಾಗಿ ಬದಲಿಸಿ ಪಠ್ಯ ವಿಧದ ಫೈಲಿಗೆ ಬರೆದರೆ 10 ಎಂಬ ಪ್ರತಿ ಬೈಟೂ 13, 10 ಎಂದು ಎರಡಾಗುತ್ತದೆ.

ಈಗ ಮೂರು ವಾರಗಳ ಫೈಲ್. ಮೊದಲು ಅದರ ಪ್ರತಿ ತೆಗೆದು ಮೂಲವನ್ನು ಮುಟ್ಟದೆ ಇಡಿ. ನಿಮ್ಮ ದಾಖಲೆಯ ಆರಂಭದಲ್ಲಿ ಸಮಯ ಇರುವುದು ದೊಡ್ಡ ಅದೃಷ್ಟ. ಒಂದು ದಾಖಲೆಯ ಸಮಯ ಓದಿ, 128 ಬೈಟ್ ಮುಂದೆ ಹೋಗಿ ನೋಡಿ. ಅಲ್ಲಿರುವ 8 ಬೈಟ್ ಹಿಂದಿನದಕ್ಕಿಂತ ಸುಮಾರು ಐದು ಸೆಕೆಂಡ್ ಹೆಚ್ಚಿನ ಸಮಯ ಎಂದು ಓದಿಸಿಕೊಂಡರೆ ದಾಖಲೆ ಪೂರ್ತಿ ಇದೆ. ಇಲ್ಲವಾದರೆ 127, 126 ಎಂದು ಒಂದೊಂದೇ ಇಳಿಯುತ್ತಾ ಬನ್ನಿ. ಹೆಚ್ಚಿನವು 108ಕ್ಕೆ ಇಳಿಯುವಷ್ಟರಲ್ಲಿ ಸಿಕ್ಕಿಬಿಡುತ್ತವೆ. ಕೇಬಲ್ ಪೂರ್ತಿ ಕಳಚಿದ್ದ ಹೊತ್ತಿನಲ್ಲಿ ದಾಖಲೆ 8 ಬೈಟಿನವರೆಗೂ ಕುಗ್ಗಿರಬಹುದು, ಆದ್ದರಿಂದ ಅಲ್ಲಿಯವರೆಗೆ ಹುಡುಕಲು ಬಿಡಿ. 108ಕ್ಕಿಂತ ಸಣ್ಣವನ್ನು ಕೈಬಿಡಿ. 108ರಿಂದ 127ರ ನಡುವಿನವುಗಳಲ್ಲಿ ಆರನೇ ಮೀಟರನ್ನು ಕೈಬಿಟ್ಟು ಉಳಿದದ್ದನ್ನು ಪರೀಕ್ಷಿಸಿ.

ಉದ್ದ ಸರಿಯಿದ್ದು ಒಳಗೆ ಕೆಟ್ಟಿರುವವನ್ನು ಹುಡುಕಲು ಯೂನಿಟ್ ನಿಮಗೆ ಸಹಾಯ ಮಾಡುತ್ತದೆ. ಬಳಕೆಯ ಯೂನಿಟ್ ಏರುತ್ತದೆ ಅಥವಾ ನಿಲ್ಲುತ್ತದೆ, ಇಳಿಯುವುದಿಲ್ಲ. ಹಿಂದಿನದಕ್ಕಿಂತ ಕಡಿಮೆಯಾದ ಅಥವಾ ಐದು ಸೆಕೆಂಡಿನಲ್ಲಿ ಆಗದಷ್ಟು ಏರಿದ ಪ್ರತಿ ದಾಖಲೆಯಲ್ಲೂ ಆ ಮೀಟರನ್ನು ಗುರುತು ಹಾಕಿ ಬಿಡಿ. ಒಂದೆರಡು ಬೈಟ್ ಮಾತ್ರ ಕೆಟ್ಟ ದಾಖಲೆಗಳು ಇದರಲ್ಲಿ ತಪ್ಪಿಸಿಕೊಳ್ಳಬಹುದು, ಆದರೆ ಮುಂದಿನ ಸರಿಯಾದ ದಾಖಲೆಯಲ್ಲಿ ಮೀಟರ್ ತನ್ನ ಮೊತ್ತವನ್ನು ಮತ್ತೆ ಸರಿಯಾಗಿಯೇ ಹೇಳಿರುತ್ತದೆ. ಆದ್ದರಿಂದ ಮಾಲೀಕರು ಕೇಳುವ ದಿನದ ಮತ್ತು ವಾರದ ಬಳಕೆಯ ಲೆಕ್ಕಕ್ಕೆ ಧಕ್ಕೆಯಿಲ್ಲ.

ಹುಡುಕುವಾಗ ಸಿಕ್ಕ ಸಣ್ಣ ದಾಖಲೆಗಳ ಸಮಯವನ್ನು ಒಂದು ಕಾಗದದಲ್ಲಿ ಬರೆದುಕೊಳ್ಳಿ. ಅವು ಕಂಪ್ರೆಸರ್ ಶುರುವಾಗುವ ಹೊತ್ತಿಗೆ ಹೊಂದಿದರೆ, ಕೇಬಲಿನ ತೊಂದರೆ ಎಲ್ಲಿದೆ ಎಂಬುದೂ ನಿಮಗೆ ಸಿಕ್ಕಂತೆ.